ಮೊದಲು ಪಂಪ್ ಕೊಳ್ಳಿ, ಮಿಕ್ಕಿದ್ದು ಆಮೇಲೆ

ಪ್ರಶ್ನೆ: 18,000 ರೂಪಾಯಿ ಕೊಟ್ಟು ರೋಡ್ ಬೈಕ್ (ತೆಳ್ಳಗಿನ ಟೈರಿನ ಸೈಕಲ್) ತಗೊಂಡೆ. ಮೂರು ತಿಂಗಳಲ್ಲಿ ನಾಲ್ಕು ಸಲ ಪಂಕ್ಚರ್. ಸಾಲದ್ದಕ್ಕೆ ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ‘ಟ್ಯೂಬಿನ ಈ ಮೂತಿಗೆ ನಮ್ಮ ಪಂಪ್ ಕೂರಲ್ಲ’ ಅಂತ ವಾಪಸ್ ಕಳಿಸ್ತಾರೆ. ಅಗ್ಗದ ಸೈಕಲ್ ಕೊಂಡು ಮೋಸ ಹೋದೆನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೈಕಲ್ ಮೇಲೆ ಸಿಟ್ಟು ಬೇಡ. ಹಳೇ ಟ್ಯೂಬ್ ಎಸೆದಿಲ್ಲ ತಾನೆ? ಸ್ವಲ್ಪ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ತೂತು ಎಲ್ಲಿದೆ ನೋಡಿ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಅದು ಮುಳ್ಳಿನದಲ್ಲ. ಗಾಳಿ ಕಮ್ಮಿ ಇತ್ತು, ಚಕ್ರ ಗುಂಡಿಗೆ ಇಳೀತು, ಟೈರು ಅಪ್ಪಚ್ಚಿಯಾಗಿ ಟ್ಯೂಬು ರಿಮ್ಮಿಗೂ ಗುಂಡಿಯ ಅಂಚಿಗೂ ಮಧ್ಯೆ ಸಿಕ್ಕಿಹಾಕಿಕೊಂಡಿತು, ಅಷ್ಟೇ. ತೂತು ಕಡ್ಡಿಗಳ ಕಡೆ ಇದ್ದರೆ ರಿಮ್ ಟೇಪ್ (ರಿಮ್ಮಿನೊಳಗೆ ಕಡ್ಡಿಗಳ ತುದಿ ಮುಚ್ಚುವ ಪಟ್ಟಿ) ಸರಿದಿದೆ ಅಂತ ಅರ್ಥ. ರಸ್ತೆ ಕಡೆ ಒಂದೇ ತೂತಿದ್ದರೆ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಪೂರ್ತಿ ಸುತ್ತು ಬಟ್ಟೆ ಆಡಿಸಿ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲೇ ಕಳ್ಳ ಕೂತಿರುತ್ತಾನೆ. ನಾನು ಇದನ್ನು ಮಾಡದೆ ಒಂದೇ ವಾರದಲ್ಲಿ ಮೂರು ಟ್ಯೂಬ್ ಕಳಕೊಂಡವನು. ಕೊನೆಗೆ ಸಿಕ್ಕಿದ್ದು ಲಾರಿ ಟೈರಿನಿಂದ ಉದುರಿದ, ಕೂದಲಿನಷ್ಟು ತೆಳ್ಳಗಿನ ತಂತಿ. ನಿಮ್ಮ ಊರ ಪಕ್ಕವೇ ಹೈವೇ ಇದೆ, ಅದರ ಅಂಚಿನಲ್ಲಿ ಓಡಿಸುವವರಿಗೆ ಇದು ಮಾಮೂಲಿ.

ಇನ್ನು ಆ ಮೂತಿ. ಅದರ ಹೆಸರು ಪ್ರೆಸ್ಟಾ. ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಬೆರಳಲ್ಲಿ ಒಮ್ಮೆ ಒತ್ತಿ ‘ಚುಸ್’ ಅನ್ನಿಸಿದ ಮೇಲೇ ಗಾಳಿ ಒಳಗೆ ಹೋಗುವುದು. ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ನಾಲ್ಕು ಕಾಸಿನ ವಸ್ತು, ಅದನ್ನು ತಿರುಗಿಸಿ ಕೂರಿಸಿದರೆ ಮೋಟಾರ್ ಬೈಕಿಗೆ ಗಾಳಿ ಹೊಡೆಯುವ ಪಂಪೇ ಸಾಕು. ಆದರೂ ನನ್ನ ಮಾತು ಕೇಳಿ, ಮೀಟರ್ ಇರುವ ಕಾಲ್ಪಂಪ್ ಒಂದನ್ನು ಮನೆಗೇ ತಂದುಬಿಡಿ. ತೆಳ್ಳಗಿನ ಟೈರಿನಲ್ಲಿ ಹಿಡಿಯುವುದೇ ಚೂರು ಗಾಳಿ, ಅದೂ ನಿಂತಲ್ಲೇ ಸೋರುತ್ತಿರುತ್ತದೆ. ವಾರಕ್ಕೊಮ್ಮೆ ತುಂಬಲೇಬೇಕು. 25 ಮಿಲಿಮೀಟರ್ ಟೈರು, ಸುಮಾರು 70 ಕಿಲೋ ತೂಕದ ಸವಾರ ಅಂದರೆ 80ರಿಂದ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಪಂಪಿನ ಮೀಟರ್ ತೋರಿಸುತ್ತೆ) ಆಸುಪಾಸು ಸರಿ. ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ ಇರಲಿ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ಮಾತ್ರ ದಾಟಬೇಡಿ.

ಪ್ರಶ್ನೆ: ಮಗನ ಸೈಕಲ್ ಚೈನಿಗೆ ತಪ್ಪದೆ ಕೊಬ್ಬರಿ ಎಣ್ಣೆ ಬಿಡ್ತೀನಿ. ಆದರೂ ಗೇರ್ ಹಾಕಿದಾಗ ಕಟಕಟ ಅನ್ನುತ್ತೆ, ಎರಡು ಹಲ್ಲಿನ ಮಧ್ಯೆ ಒದ್ದಾಡುತ್ತೆ. ಗೇರ್ ಸೆಟ್ಟೇ ಬದಲಾಯಿಸಬೇಕು ಅಂತಾರೆ ಮೆಕ್ಯಾನಿಕ್.
– ಓದುಗಿ, ಹುಬ್ಬಳ್ಳಿ

ಉತ್ತರ: ಕೊಬ್ಬರಿ ಎಣ್ಣೆ ತಲೆಗಿರಲಿ ಅಮ್ಮಾ! ಚೈನಿನಲ್ಲಿ ಅದು ಧೂಳು ಸೇರಿ ಜಿಡ್ಡಾಗುತ್ತೆ, ಚಳಿಗೆ ಗಟ್ಟಿಯೂ ಆಗುತ್ತೆ. ಹಳೇ ಹಲ್ಲುಜ್ಜುವ ಬ್ರಷ್‌ಗೆ ಡೀಸೆಲ್ ಹಚ್ಚಿ ಚೈನ್ ಉಜ್ಜಿ (ಒಲೆ ಹತ್ತಿರ ಬೇಡ, ಅಂಗಳದಲ್ಲಿ), ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಸೈಕಲ್ ಚೈನಿನ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದೇ ಹನಿ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಧೂಳಿಗೆ ಊಟ.

ಸೆಟ್ ಬದಲಾಯಿಸುವ ಮೊದಲು ಮಗನ ಒಂದಡಿ ಉದ್ದದ ಸ್ಕೇಲ್ ತಗೊಳ್ಳಿ, ಇಂಚಿನ ಕಡೆ. ಚೈನಿನ ಕೊಂಡಿಗಳನ್ನು ಸೇರಿಸುವ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ ಅದರ ಮುಂದಿನ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಒಂದನ್ನೇ ಬದಲಾಯಿಸಿ. 1/8 ಇಂಚು ಹೋಗಿದ್ದರೆ ಹಿಂದಿನ ಹಲ್ಲುಗಳನ್ನೂ ಅದು ತಿಂದುಹಾಕಿದೆ, ಆಗ ಮೆಕ್ಯಾನಿಕ್ ಹೇಳಿದ್ದೇ ನಿಜ.

ಅಳತೆ ಸರಿಯಿದ್ದೂ ಒದ್ದಾಡಿದರೆ ಗೇರಿನ ತಂತಿ ಸಡಿಲಾಗಿದೆ. ಹೊಸ ಸೈಕಲ್ಲುಗಳಲ್ಲಿ ಮೊದಲ ಕೆಲವು ವಾರ ಇದು ಇದ್ದದ್ದೇ. ಹಿಂದಿನ ಗೇರಿಗೆ ತಂತಿ ಸೇರುವ ಜಾಗದಲ್ಲಿ ಕೈಯಲ್ಲೇ ತಿರುಗಿಸುವ ಸಣ್ಣ ತಿರುಪು ಇರುತ್ತೆ. ಚೈನ್ ದೊಡ್ಡ ಹಲ್ಲಿಗೆ ಹತ್ತಲು ಸತಾಯಿಸಿದರೆ ಅದನ್ನು ಹಿಂದಿನಿಂದ ನೋಡುತ್ತಾ ಎಡಕ್ಕೆ ಅರ್ಧ ಸುತ್ತು ತಿರುಗಿಸಿ, ಪೆಡಲ್ ಮಾಡಿ ನೋಡಿ. ಇಳಿಯಲು ಸತಾಯಿಸಿದರೆ ಬಲಕ್ಕೆ. ಅರ್ಧ ಸುತ್ತು ಅಂದೆ, ನಾಲ್ಕಲ್ಲ!

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವ ಆಸೆ. ಮಳೆಯಲ್ಲಿ ಬ್ರೇಕ್ ಹಿಡಿಯೋದೇ ಇಲ್ಲ, ಕಿರ್ರ್ ಅನ್ನುತ್ತೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಆಸೆ ಒಳ್ಳೇದು, 14 ಹೇರ್‌ಪಿನ್ ತಿರುವು ಅನ್ನೋದು ನೆನಪಿರಲಿ. ರಿಮ್ಮನ್ನೇ ಹಿಡಿಯುವ ಬ್ರೇಕು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುತ್ತೆ, ಆಮೇಲೆ ಹಿಡಿಯುತ್ತೆ. ತಿರುವಿಗೆ ಬಹಳ ಮುಂಚೆಯೇ ಮೆಲ್ಲಗೆ ಒತ್ತಲು ಶುರುಮಾಡಿ. ಮನೆಯಲ್ಲಿ ಪ್ಯಾಡ್ ಬಿಚ್ಚಿ ನೋಡಿ, ರಬ್ಬರಿನಲ್ಲಿ ಮಿಣಮಿಣ ಅನ್ನುವ ಅಲ್ಯೂಮಿನಿಯಂ ಚೂರುಗಳು ಕೂತಿರುತ್ತವೆ. ಸೂಜಿಯಿಂದ ಕಿತ್ತು, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ರಿಮ್ಮನ್ನು ಸೋಪು ನೀರಲ್ಲಿ ತೊಳೆಯಿರಿ. ಪ್ಯಾಡಿನ ಗೀರುಗಳು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿ. ಬ್ರೇಕ್ ತಂತಿಯ ಒಂದು ಎಳೆ ಬಿಟ್ಟಿದ್ದರೂ ಘಾಟಿ ಕಡೆ ಹೋಗಲೇಬೇಡಿ.

ಪ್ರಶ್ನೆ: ಎಡ ಪೆಡಲ್ ಬಿಚ್ಚಲು ಹೋಗಿ ಸ್ಪ್ಯಾನರೇ ಬಗ್ಗಿತು. ತುಕ್ಕು ಹಿಡಿದಿದೆಯಾ?
– ಓದುಗರು, ಬಾಗಲಕೋಟೆ

ಉತ್ತರ: ಇಲ್ಲ, ಬಿಚ್ಚುವ ಬದಲು ಬಿಗಿ ಮಾಡಿದ್ದೀರಿ. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ. ಮುಳ್ಳು ತಿರುಗುವ ದಿಕ್ಕಿಗೆ, ಗಡಿಯಾರದ ಹಾಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಮತ್ತೆ ಹಾಕುವಾಗ ಮರೆಗೆ ಚೂರು ಗ್ರೀಸ್ ಸವರಿ.