ಪ್ರತಿಕ್ರಿಯೆ: ಕರೆಂಟ್ ಕೊಟ್ಟರೆ ಸ್ಕಿರ್ಮಿಯಾನ್ ಅಂಚಿಗೆ ಹೋಗಿ ಅಳಿಯುತ್ತದೆ
ಸಿಮ್ಯುಲೇಶನ್‌ನಲ್ಲಿ ಕರೆಂಟ್ ಏರಿಸಿದಾಗ ಮಾತ್ರ ಸ್ಕಿರ್ಮಿಯಾನ್ (ಸ್ಪಿನ್‌ಗಳು, ಅಂದರೆ ಪರಮಾಣು ಮಟ್ಟದ ಪುಟ್ಟ ಕಾಂತಗಳು, ಸುಳಿಯಂತೆ ಸುತ್ತಿಕೊಂಡ ರಚನೆ) ಕಾಂತೀಯ ಪಟ್ಟಿಯ ಅಂಚಿಗೆ ಸರಿದು ಮಾಯವಾಗುತ್ತದೆ ಅಂದಿದ್ದೀರಿ. ಇದು ಬಹುಶಃ ಸ್ಕಿರ್ಮಿಯಾನ್ ಹಾಲ್ ಪರಿಣಾಮ. ಓಡುವಾಗ ಮ್ಯಾಗ್ನಸ್ ಬಲ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಬಲ ಅಂಚಿನ ವಿಕರ್ಷಣೆಯನ್ನು ಮೀರಿದರೆ ಸ್ಕಿರ್ಮಿಯಾನ್ ಹೊರಗೆ ಬಿದ್ದ ಹಾಗೆ.

ಮೊದಲು ಕರೆಂಟ್ ಇಲ್ಲದೆ ರಿಲ್ಯಾಕ್ಸ್ ಮಾಡಿ, ಅಂದರೆ ಸ್ಪಿನ್‌ಗಳು ತಾವಾಗಿ ಕಡಿಮೆ ಶಕ್ತಿಯ ಸ್ಥಿತಿಗೆ ಬರಲು ಬಿಡಿ. ಆಗಲೂ ಕುಗ್ಗಿ ಹೋದರೆ ನನ್ನ ಊಹೆ ತಪ್ಪು. ಡಿಎಂಐ (ನೆರೆಯ ಸ್ಪಿನ್‌ಗಳನ್ನು ಒಂದಕ್ಕೊಂದು ಓರೆಯಾಗಿಸುವ ಪರಸ್ಪರ ಕ್ರಿಯೆ), ಅನೈಸೊಟ್ರೋಪಿ (ಸ್ಪಿನ್‌ಗಳು ಒಂದು ನಿರ್ದಿಷ್ಟ ನೇರದಲ್ಲೇ ನಿಲ್ಲುವ ಒಲವು) ಮೌಲ್ಯಗಳನ್ನು ನೋಡಿ. ಸೆಲ್ (ಸಿಮ್ಯುಲೇಶನ್‌ಗಾಗಿ ಪಟ್ಟಿಯನ್ನು ಒಡೆದ ಪುಟ್ಟ ತುಂಡು) ಅಳತೆ ಎಕ್ಸ್‌ಚೇಂಜ್ ಉದ್ದಕ್ಕಿಂತ (ಸ್ಪಿನ್‌ಗಳು ಬಹುತೇಕ ಒಂದೇ ದಿಕ್ಕಿನಲ್ಲಿ ಉಳಿಯುವ ದೂರ) ಚಿಕ್ಕದಿರಲಿ, 1–2 ನ್ಯಾನೊಮೀಟರ್ ಸಾಮಾನ್ಯವಾಗಿ ಸಾಕು.

ಕರೆಂಟ್ ಇಲ್ಲದೆ ಅಳಿಯದೆ ಉಳಿದರೆ, ಸ್ಕಿರ್ಮಿಯಾನ್‌ನ ನಡುಭಾಗ ಮತ್ತು ಸುತ್ತಲಿನ ಹಿನ್ನೆಲೆ ಎರಡರ ಸ್ಪಿನ್ ದಿಕ್ಕನ್ನೂ ತಿರುಗಿಸಿ, ಹೊರಗಿನ ಕ್ಷೇತ್ರವಿದ್ದರೆ ಅದನ್ನೂ ತಿರುಗಿಸಿ, ಅದೇ ಕರೆಂಟ್ ಕೊಡಿ. ಈಗ ಎದುರಿನ ಅಂಚಿಗೆ ಹೋಗಬೇಕು. ಹೋದರೆ ಅನುಮಾನವೇ ಬೇಡ, ಟೊಪೊಲಾಜಿಕಲ್ ಚಾರ್ಜ್‌ನ (ಸ್ಪಿನ್‌ಗಳು ಎಷ್ಟು ಸಲ, ಯಾವ ಕಡೆ ಸುತ್ತಿವೆ ಎಂಬ ಎಣಿಕೆ; ಮ್ಯಾಗ್ನಸ್ ಬಲದ ದಿಕ್ಕು ಇದರ ಮೇಲಿದೆ) ಚಿಹ್ನೆ ಬದಲಾದದ್ದಕ್ಕೇ ಹಾಗಾಗಿದೆ.

ಆಮೇಲೆ ಕರೆಂಟ್ ಇಳಿಸುತ್ತಾ ಬನ್ನಿ. ಒಂದು ಮಿತಿಯ ಕೆಳಗೆ ಸ್ಕಿರ್ಮಿಯಾನ್ ಅಂಚಿನ ಪಕ್ಕದಲ್ಲೇ ಸಾಗುತ್ತದೆ. ವೇಗ ಬೇಕೇ ಬೇಕು ಅಂದರೆ ಅಂಚಿನ ಕಿರಿದಾದ ಭಾಗದಲ್ಲಿ ಅನೈಸೊಟ್ರೋಪಿ ಸ್ವಲ್ಪ ಸ್ವಲ್ಪ ಏರಿಸಿ, ಅದು ಗೋಡೆಯ ಹಾಗೆ ತಡೆಯುತ್ತದೆ. ಮೆಮೊರಿ ಟ್ರ್ಯಾಕ್‌ಗೆ (ಸ್ಕಿರ್ಮಿಯಾನ್‌ಗಳೇ ಮಾಹಿತಿಯಾಗಿ ಓಡುವ ಪಟ್ಟಿಗೆ) ನನಗೆ ಇದಕ್ಕಿಂತ ಇಷ್ಟವಾಗುವುದು ಸಿಂಥೆಟಿಕ್ ಆಂಟಿಫೆರೋಮ್ಯಾಗ್ನೆಟ್. ಅದರಲ್ಲಿ ಸ್ಪಿನ್ ದಿಕ್ಕು ಪರಸ್ಪರ ವಿರುದ್ಧವಾಗಿರುವಂತೆ ಜೋಡಿಸಿದ ಎರಡು ಕಾಂತೀಯ ಪದರಗಳಿದ್ದು, ಅವುಗಳ ಮ್ಯಾಗ್ನಸ್ ಬಲಗಳು ಪರಸ್ಪರ ರದ್ದಾಗುತ್ತವೆ. ಸ್ಪಿನ್ ದಿಕ್ಕು ಬಿಟ್ಟು ಉಳಿದೆಲ್ಲದರಲ್ಲಿ ಎರಡೂ ಪದರ ಒಂದೇ ಥರ ಇಟ್ಟು ಶುರು ಮಾಡಿ.