ಬೋರ್ಡಿನ ಮೂಲೆಯ ಐದು ಹೆಸರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಲ್ಲಿ ಬರುವ ಟೀಚರ್ ಒಪ್ಪಿಗೆ ಇದೆ.)

ಕೌನ್ಸೆಲಿಂಗ್ ಅಂದರೆ ನಮ್ಮ ಸರ್ಕಾರಿ ಶಾಲೆ ಟೀಚರ್‌ಗಳಿಗೆ ಮೊದಲು ನೆನಪಾಗುವುದು ವರ್ಗಾವಣೆ ಕೌನ್ಸೆಲಿಂಗ್. ನಾನು ಮಾಡುವುದು ಮನಸ್ಸಿನ ಕೌನ್ಸೆಲಿಂಗ್. ಚಿತ್ರದುರ್ಗದ ನನ್ನ ಕೋಣೆಗೆ ಬಂದ ಈ ಟೀಚರೂ ಅಷ್ಟೇ. "ಅದರಲ್ಲಿ ಬೇರೆ ಶಾಲೆ ಸಿಕ್ಕಿದ್ರೆ ಇದಕ್ಕೆ ಬರ್ತಾನೇ ಇರ್ಲಿಲ್ಲ ಮೇಡಂ" ಅಂದರು. ಹಿರಿಯೂರು ಕಡೆಯ ಹಳ್ಳಿ ಶಾಲೆ. ಏಳನೇ ತರಗತಿ, 34 ಮಕ್ಕಳು. ಹಿಂದಿನ ವಾರ ಒಬ್ಬ ಹುಡುಗನಿಗೆ ಸ್ಕೇಲಲ್ಲಿ ಹೊಡೆದಿದ್ದರು. ಅವನು ಅಳಲಿಲ್ಲ, ನಕ್ಕ. ಅವತ್ತಿನಿಂದ ಇವರಿಗೆ ನಿದ್ದೆ ಇಲ್ಲ.

ಹೊಡೆಯಬಾರದು ಅಂತ ಅವರಿಗೆ ಗೊತ್ತು. ನಾನು ಪಾಠ ಮಾಡಲು ಹೋಗಲಿಲ್ಲ. "ಬೇರೆ ದಿನ ತರಗತಿ ಹೇಗೆ ಸುಮ್ಮನಿರಿಸ್ತೀರಿ?" ಅಂತ ಕೇಳಿದೆ. ಮೊಬೈಲ್ ತೆಗೆದು ಫೋಟೋ ತೋರಿಸಿದರು. ಬೋರ್ಡಿನ ಎಡಮೂಲೆಯಲ್ಲಿ 'ಮಾತಾಡಿದವರು' ಅಂತ ಅಡಿಗೆರೆ ಎಳೆದ ತಲೆಬರಹ. ಕೆಳಗೆ ಐದು ಹೆಸರು. ಒಂದರ ಮುಂದೆ ಮೂರು ಇಂಟು, ಇನ್ನೊಂದರ ಮುಂದೆ ಐದು. ಅಕ್ಷರ ಮುದ್ದಾಗಿತ್ತು, ಕ್ಲಾಸ್ ಲೀಡರ್ ಹುಡುಗಿಯದು. ಪೋಷಕರಿಗೆ ತೋರಿಸಲು ಸಾಕ್ಷಿ ಇರಲಿ ಅಂತ ಟೀಚರ್ ಫೋಟೋ ತೆಗೆದಿಟ್ಟಿದ್ದರು. ಆರು ಫೋಟೋ, ಆರು ತಾರೀಖು, ಅದೇ ಐದು ಹೆಸರು.

"ಈ ಐವರು ಯಾವ ಕಡೆಯವರು?"

"ಹಟ್ಟಿಯವರು" ಅಂದರು. ಊರಾಚೆಯ ಕೇರಿ ಅದು. ಅಂದಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಬೋರ್ಡ್ ಪದ್ಧತಿ ನನಗೆ ಮೊದಲಿನಿಂದಲೂ ಆಗದು. ನಾನೂ ಲೀಡರ್ ಆಗಿದ್ದವಳೇ. ಗೆಳತಿಯ ಹೆಸರು ಒಂದು ದಿನವೂ ಬರೆದವಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಎರಡನೇ ಅರ್ಧ ಯಾರಿಗೂ ನೆನಪಿರುವುದಿಲ್ಲ. ದಿನಾ ನಿಮ್ಮ ಹೆಸರು ಆ ಮೂಲೆಯಲ್ಲೇ ಇದ್ದರೆ ಆ ಕ್ಲಾಸು ನಿಮ್ಮದು ಅಂತ ಅನ್ನಿಸುತ್ತಾ?

ಮೊದಲ ಸಲ ನಾಲ್ಕೇ ಕೆಲಸ ಹೇಳಿ ಕಳಿಸಿದೆ. ಆ ಮೂಲೆ ಒರೆಸಿಬಿಡಿ. ಬೆಳಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯಿರಿ. ಒಂದು ದಿನ ಬೇರೆಯವರು ಪಾಠ ಮಾಡುವಾಗ ಕೊನೆ ಸಾಲಲ್ಲಿ ಹೋಗಿ ಕೂತ್ಕೊಳ್ಳಿ. ಹುಡುಗನ ಹತ್ತಿರ ಒಬ್ಬನೇ ಇದ್ದಾಗ 'ಹೊಡೆದದ್ದು ನನ್ನ ತಪ್ಪು' ಅನ್ನಿ ಅಂತಲೂ ಹೇಳಿದ್ದೆ. ಅದೊಂದನ್ನು ಅವರು ಮಾಡಿದ್ದು ತುಂಬಾ ತಡವಾಗಿ.

ಎರಡು ವಾರ ಬಿಟ್ಟು ಬಂದರು. ಕೊನೆ ಸಾಲಲ್ಲಿ ಕೂತಾಗ ಕೇಳಿಸಿದ್ದು ಹರಟೆಯಲ್ಲವಂತೆ. "ಯಾವ ಪುಟನೋ?" "ಎಷ್ಟನೇ ಲೆಕ್ಕ?" ಹಟ್ಟಿ ಕಡೆಯಿಂದ ಬರುವ ಬಸ್ ಬೆಲ್ ಆದಮೇಲೇ ಬರುತ್ತದೆ. ಮೊದಲ ಪೀರಿಯಡ್ ಗಣಿತ. ಶುರುವಾದ ಲೆಕ್ಕ ಅವರಿಗೆ ಸಿಗುವುದೇ ಇಲ್ಲ. ಕೇಳಿದರೆ ಹೆಸರು ಬೋರ್ಡಿಗೆ. ಮೊದಲ ಪೀರಿಯಡ್ಡಿಗೆ ಕನ್ನಡ ಹಾಕಿಸಿಕೊಳ್ಳಿ ಅಂದೆ. ಮುಖ್ಯ ಶಿಕ್ಷಕರು ಸ್ವಲ್ಪ ಗೊಣಗಿ ಒಪ್ಪಿದರಂತೆ.

ಆಮೇಲೆ ಒಂದು ಚೀಟಿ ಕೆಲಸ ಕೊಟ್ಟೆ. 'ಯಾರ ಪಕ್ಕ ಕೂರಲು ಇಷ್ಟ?' ಅಂತ ಪ್ರತಿ ಮಗುವೂ ಎರಡು ಹೆಸರು ಬರೆಯಬೇಕು. ಕ್ಲಾಸಲ್ಲಿ ಓದಬಾರದು, ಮನೆಯಲ್ಲಿ ಕೂತು ಎಣಿಸಬೇಕು. 1930ರ ದಶಕದಲ್ಲಿ ಜೇಕಬ್ ಮೊರೆನೊ ಅನ್ನುವ ಮನೋವೈದ್ಯರು ಬಳಕೆಗೆ ತಂದ ಉಪಾಯ ಇದು. ಹಟ್ಟಿ ಮಕ್ಕಳಿಗೆ ಒಂದೂ ಓಟು ಬೀಳುವುದಿಲ್ಲ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಅವರು ಒಬ್ಬರಿಗೊಬ್ಬರು ಬರೆದುಕೊಂಡಿದ್ದರು. ಒಬ್ಬರೂ ಬರೆಯದ ಹೆಸರು ಒಂದೇ, ಲೀಡರ್ ಹುಡುಗಿಯದು. 34 ಚೀಟಿಯನ್ನೂ ಟೀಚರ್ ಎರಡು ಸಲ ಎಣಿಸಿದರಂತೆ.

ಲೀಡರ್‌ಗಿರಿಯನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ, ಎಲ್ಲರಿಗೂ ಹಂಚಿ ಅಂದೆ. ಹಾಲು ಹಂಚುವವರು, ಹಾಜರಿ ನೋಡುವವರು, ತಡವಾಗಿ ಬಂದವರಿಗೆ ಪುಟ ತೋರಿಸುವವರು, ಹೀಗೆ ವಾರಕ್ಕೊಮ್ಮೆ ಬದಲು. ಹುಡುಗಿಯ ಅಪ್ಪ ಶಾಲೆಗೆ ಬಂದು ಜೋರು ಮಾಡಿ ಹೋದರು. ಮೊದಲೇ ಹೋಗಿ ಮಾತಾಡಿ ಅಂತ ನಾನು ಹೇಳಬೇಕಿತ್ತು, ಹೊಳೆಯಲಿಲ್ಲ.

ಕೊನೆಗೆ ಜಿಗ್ಸಾ ಅನ್ನುವ ಗುಂಪು ಪಾಠ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಿದಾಗ ಜಗಳ ಜಾಸ್ತಿಯಾಯಿತು. ಆಗ ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡು ಮಾಡಿ ಹಂಚಿದರು. ಒಂದೊಂದು ತುಂಡು ಒಬ್ಬೊಬ್ಬರಿಗೇ ಗೊತ್ತು. ಕೇಳದೆ ಬೇರೆ ದಾರಿ ಇಲ್ಲ. ನಮ್ಮ ಟೀಚರ್ ಆರಿಸಿಕೊಂಡದ್ದು ಹಿರಿಯೂರು ಕಡೆಯ ಮಾರಿಕಣಿವೆ ಅಣೆಕಟ್ಟಿನ ಪಾಠ. ವೇದಾವತಿ ನದಿಗೆ ಅಡ್ಡ ಕಟ್ಟಿದ್ದು ಒಂದು ತುಂಡು. 1898ರಿಂದ 1907ರವರೆಗಿನ ಕಾಮಗಾರಿ ಇನ್ನೊಂದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಕ್ಕೆ. ಆ ತುಂಡು ಹೊಡೆತ ತಿಂದ ಹುಡುಗನಿಗೆ ಬಂತು. ಹಾಳೆಯಲ್ಲಿದ್ದದ್ದು ನಾಲ್ಕು ಸಾಲು. ಅವನು ಅಪ್ಪನ ಜೊತೆ ಟ್ರ್ಯಾಕ್ಟರಲ್ಲಿ ಹೋಗಿ ಕೋಡಿ ನೀರು ನೋಡಿ ಬಂದಿದ್ದ. ಮೈಯೆಲ್ಲಾ ತುಂತುರು ಬಿದ್ದದ್ದು, ಜನಜಾತ್ರೆಯಲ್ಲಿ ಚಪ್ಪಲಿ ಕಳೆದದ್ದು, ಎಲ್ಲಾ ಹೇಳಿದ. ಪಕ್ಕದ ಗುಂಪಿನವರೂ ತಿರುಗಿ ಕೂತರು. ಇನ್ನೊಂದು ಗುಂಪಲ್ಲಿ ಮಾತ್ರ ಒಬ್ಬನೇ ಐದೂ ತುಂಡು ಬರೆದು ಮುಗಿಸಿದ್ದ.

ತರಗತಿ ಈಗ ಮೊದಲಿಗಿಂತ ಗಲಾಟೆ ಅಂತ ಟೀಚರ್ ದೂರು. ಇರಬಹುದು. ಹೋದ ತಿಂಗಳು ಬಂದಾಗ ಇನ್ನೊಂದು ಹೇಳಿದರು. ಲೀಡರ್ ಆಗಿದ್ದ ಹುಡುಗಿ ಈಗಲೂ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಮಾತಾಡಿದವರ ಹೆಸರು ಬರೆಯುತ್ತಾಳೆ, ಇಂಟು ಗುರುತಿನ ಸಮೇತ. ಕಿತ್ತುಕೊಳ್ಳಲಾ ಅಂತ ಕೇಳಿದರು. ಬೇಡ ಅಂದೆ. ಬಿಸಿಯೂಟದ ಹೊತ್ತಲ್ಲಿ ತಟ್ಟೆ ಹಿಡಿದು ಅವಳ ಪಕ್ಕ ಹೋಗಿ ಕೂತ್ಕೊಳ್ಳಿ, ನೋಟ್‌ಬುಕ್ಕಿನ ಮಾತು ಎತ್ತಬೇಡಿ.