‘ವೀಲ್ ಆಫ್ ಟೈಮ್’ 10ನೇ ಪುಸ್ತಕ ಅರ್ಧಕ್ಕೆ ನಿಂತಿದ್ದರೆ

ರಾಬರ್ಟ್ ಜೋರ್ಡನ್ ಬರೆದ ಫ್ಯಾಂಟಸಿ ಕಾದಂಬರಿ ಸರಣಿ ‘ವೀಲ್ ಆಫ್ ಟೈಮ್’ನ 10ನೇ ಪುಸ್ತಕ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಅರ್ಧಕ್ಕೇ ನಿಂತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. 300 ಪುಟ ಓದಿದರೂ ಕಥೆ ನಿಂತಲ್ಲೇ ನಿಂತಿದೆ ಅಂದಿರಲ್ಲ, ಅದಕ್ಕೆ ಕಾರಣ ಆ ಪುಸ್ತಕದ ಕಾಲದ ಲೆಕ್ಕ ಇರಬೇಕು. ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಶುರುವಾಗುವುದೇ 9ನೇ ಪುಸ್ತಕದ ಕೊನೆಯ ದಿನಗಳಲ್ಲಿ. ಅಲ್ಲಿ ಕಥಾನಾಯಕ ರ‍್ಯಾಂಡ್ ಮಾಡಿದ ದೊಡ್ಡ ಕೆಲಸವನ್ನು ಇಲ್ಲಿ ಒಬ್ಬೊಬ್ಬರೂ ದೂರದಿಂದ ಗಮನಿಸಿ ಬೆಚ್ಚಿಬೀಳುತ್ತಾರೆ, ಅಷ್ಟೇ.

ಮೊದಲು 9ನೇ ಪುಸ್ತಕದ ಕೊನೆಯ ಅಧ್ಯಾಯ ಒಂದನ್ನೇ ಮತ್ತೆ ಓದಿ. ಆಮೇಲೆ 10ನ್ನು ಬಿಟ್ಟಲ್ಲಿಂದಲೇ ಹಿಡಿಯಿರಿ, ಮೊದಲಿನಿಂದ ಬೇಡ. ರಾಜಕುಮಾರಿ ಎಲೇನ್‌ಳ ಸಿಂಹಾಸನದ ಗಲಾಟೆ ಬಂದಾಗ ಸುಮ್ನೆ ಕಣ್ಣಾಡಿಸಿ. ಸ್ನಾನ, ಚಹಾ, ಯಾವ ಮನೆತನ ಯಾರ ಕಡೆ ಅನ್ನೋದೇ ಜಾಸ್ತಿ. ಇದಕ್ಕೆ ಕೆಲವರು ನನ್ನನ್ನು ಬೈಯಬಹುದು, ಬೈಯಲಿ. ರ‍್ಯಾಂಡ್‌ನ ಗೆಳೆಯ ಮ್ಯಾಟ್ ಬಂದಾಗ ಮಾತ್ರ ನಿಧಾನ ಮಾಡಿ. ಇನ್ನೊಬ್ಬ ಗೆಳೆಯ ಪೆರಿನ್ ಧಾನ್ಯ ಕೊಳ್ಳಲು ಸೋ ಹೇಬರ್ ಅನ್ನೋ ಊರಿಗೆ ಹೋಗುವ ಭಾಗವನ್ನೂ ಬಿಡಬೇಡಿ: ಹುಳ ಹಿಡಿದ ಕಾಳು, ಮೈ ತೊಳೆಯದ ಜನ, ಬೀದಿಯಲ್ಲಿ ಸತ್ತವರ ಓಡಾಟ. ಇವರದೇ ಊರಿನ ಗೆಳತಿ ಎಗ್ವೇನ್‌ಳ ಕೊನೆಯ ಪುಟಗಳಂತೂ ಬೇಕೇ ಬೇಕು, 11ರಲ್ಲಿ ಅವಳ ಕಥೆ ಅಲ್ಲಿಂದಲೇ ಮುಂದುವರಿಯುತ್ತದೆ.

ತುಮಕೂರಿನಲ್ಲಿ ರೈಲು ಹತ್ತಿ ಮುಂದಿನ ನಿಲ್ದಾಣ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಪಾತ್ರಗಳ ಹೆಸರು ಮರೆಯುತ್ತದೆ ಅಂದಿದ್ದೀರಿ. ಪುಸ್ತಕದ ಹಿಂದೆ ಹೆಸರುಗಳ ವಿವರಣೆ ಇದೆ. ಆ ಪುಟಗಳ ಫೋಟೋ ಫೋನ್‌ನಲ್ಲಿಟ್ಟುಕೊಳ್ಳಿ. ನಿಂತುಕೊಂಡು ಅಷ್ಟು ದಪ್ಪ ಪುಸ್ತಕ ತಿರುವಲು ಆಗಲ್ಲ, ಅಲ್ವಾ? ನೆಟ್‌ನಲ್ಲಿ ಮಾತ್ರ ಹುಡುಕಬೇಡಿ, ಯಾರು ಸಾಯುತ್ತಾರೆ ಅನ್ನೋದು ಮೊದಲ ಸಾಲಲ್ಲೇ ಇರುತ್ತದೆ.

ಇಷ್ಟಾದರೂ ಬೇಸರವಾದರೆ ಎಗ್ವೇನ್‌ಳ ಕೊನೆಯ ಅಧ್ಯಾಯ ಓದಿ ನೇರ 11ಕ್ಕೆ ಹೋಗಿ. ಅಲ್ಲಿ ಓಟ ಮತ್ತೆ ಶುರುವಾಗುತ್ತದೆ.